ಹೊಸ ಟೆಕ್ಕನ್ ಬಂತು ಅಂತ ಹಳೇ ಕ್ಯಾರೆಕ್ಟರ್ ಬಿಡಬೇಡಿ

ದಾವಣಗೆರೆಯಲ್ಲಿ ಗಂಟೆ ಲೆಕ್ಕಕ್ಕೆ ದುಡ್ಡು ಕೊಟ್ಟು ಪ್ಲೇಸ್ಟೇಷನ್‌ನಲ್ಲಿ ಟೆಕ್ಕನ್ 3 ಅನ್ನೋ ಹೊಡೆದಾಟದ ವಿಡಿಯೋ ಗೇಮ್ ಆಡಿದವರನ್ನು ಕೇಳಿ ನೋಡಿ, ಗೆಳೆಯರಲ್ಲಿ ಯಾರು ಯಾವ ಕ್ಯಾರೆಕ್ಟರ್ ತಗೊಳ್ಳುತ್ತಿದ್ದರು ಅಂತ ಈಗಲೂ ಹೇಳುತ್ತಾರೆ. ಎಡ್ಡಿ ಒಬ್ಬನಿಗೆ, ಕಿಂಗ್ ಇನ್ನೊಬ್ಬನಿಗೆ. ಅದೇ ಜನ ಟೆಕ್ಕನ್ 8 ಹಾಕಿಕೊಂಡು, ನಾಲ್ಕು ಮ್ಯಾಚ್ ಸೋತು, "ಇವನು ನನ್ನ ಎಡ್ಡಿನೇ ಅಲ್ಲ" ಅಂತ ಬೇರೆಯವರನ್ನು ಹಿಡಿಯುತ್ತಾರೆ. ಅಷ್ಟು ಬೇಗ ಬಿಡೋದು ಬೇಡ.

ಮೊದಲು ಒಂದು ವಿಷಯ ತೀರ್ಮಾನ ಮಾಡಿಕೊಳ್ಳಿ. ನಿಮಗೆ ಇಷ್ಟ ಆಗಿರುವುದು ಆ ಕ್ಯಾರೆಕ್ಟರ್‌ನ ಮುಖ, ಕತೆಯೋ, ಅಥವಾ ಅವನ ಏಟುಗಳೋ? ಎರಡೂ ಒಂದೇ ಅಲ್ಲ. ಜಿನ್ ಕಜಾಮನನ್ನೇ ತಗೊಳ್ಳಿ. 1997ರ ಟೆಕ್ಕನ್ 3ರಲ್ಲಿ ಅವನದು ಅಮ್ಮನ ಕಜಾಮ ಶೈಲಿ ಮತ್ತು ಮಿಶಿಮಾ ಮನೆತನದ ಶೈಲಿ ಎರಡೂ ಸೇರಿದ ಆಟ. ಟೆಕ್ಕನ್ 4ರಲ್ಲಿ ಅದನ್ನೆಲ್ಲ ಬಿಟ್ಟು ಕರಾಟೆಗೆ ಹೋದ. 2004ರ ಟೆಕ್ಕನ್ 5ರಲ್ಲಿ ಡೆವಿಲ್ ಜಿನ್ (ಜಿನ್‌ನದೇ ದೆವ್ವದ ರೂಪ) ಬೇರೆ ಕ್ಯಾರೆಕ್ಟರ್ ಆಗಿ ಬಂದಾಗ ಆ ಹಳೇ ಏಟುಗಳು ಅವನ ಕೈ ಸೇರಿದವು. ಜಿನ್ ಜೊತೆಯೇ ಉಳಿದವರೂ, ಏಟುಗಳನ್ನು ಹುಡುಕಿಕೊಂಡು ಡೆವಿಲ್ ಜಿನ್ ಕಡೆ ಹೋದವರೂ ನನ್ನ ಪ್ರಕಾರ ಒಂದೇ ಥರ ನಿಯತ್ತಿನವರು. ನೀವು ಯಾವ ಕಡೆಯವರು ಅಂತ ಗೊತ್ತಾದರೆ ಮುಂದಿನ ಕೆಲಸ ಸುಲಭ.

ಹೊಸ ಆಟ ಹಾಕಿದ ತಕ್ಷಣ ಆನ್‌ಲೈನ್‌ಗೆ ಹೋಗಬೇಡಿ. ಪ್ರ್ಯಾಕ್ಟೀಸ್ ಮೋಡ್‌ಗೆ ಹೋಗಿ. ಹಳೇ ಆಟದಲ್ಲಿ ನಿಮ್ಮನ್ನು ಗೆಲ್ಲಿಸುತ್ತಿದ್ದ ಐದೇ ಮೂವ್ ನೆನಪು ಮಾಡಿಕೊಳ್ಳಿ: ಬೇಗ ಹೋಗುವ ಒಂದು ಪಂಚ್, ಕಾಲಿಗೆ ಬೀಳುವ ಒಂದು ಏಟು, ಎದುರಾಳಿಯನ್ನು ಗಾಳಿಗೆ ಎತ್ತುವ ಒಂದು, ಹಿಡಿದು ಕೆಡವುವ ಒಂದು ಥ್ರೋ, ಮತ್ತೆ ಬ್ಲಾಕ್ ಮಾಡಿದ ಮೇಲೆ ತಿರುಗಿಸಿ ಕೊಡುವ ಒಂದು. ಒಂದೊಂದನ್ನೇ ಒತ್ತಿ ನೋಡಿ. ಬಟನ್ ಅದೇ ಇರಬಹುದು, ಆದರೆ ಫಲಿತಾಂಶ ಬೇರೆ ಇರಬಹುದು, ಬಹಳ ಜನ ಎಡವುವುದು ಇಲ್ಲೇ. ಬೆರಳು ಹಳೇ ಅಭ್ಯಾಸದಲ್ಲಿ ಒತ್ತುತ್ತದೆ, ಕ್ಯಾರೆಕ್ಟರ್ ಏಟು ತಿನ್ನುತ್ತದೆ, ಬೈಗುಳ ಮಾತ್ರ ಆಟಕ್ಕೆ. ಅದಕ್ಕೆ ಎದುರಿನ ಗೊಂಬೆಗೆ "ಎಲ್ಲ ಬ್ಲಾಕ್ ಮಾಡು, ಆಮೇಲೆ ತಕ್ಷಣ ಜ್ಯಾಬ್ (ಚುಟುಕು ಪಂಚ್) ಹೊಡಿ" ಅಂತ ಸೆಟ್ ಮಾಡಿ. ಟೆಕ್ಕನ್ ಸೆಕೆಂಡಿಗೆ 60 ಫ್ರೇಮ್ (ಪರದೆಯ ಚಿತ್ರ) ಓಡುತ್ತದೆ, ಸಾಮಾನ್ಯ ಜ್ಯಾಬ್ 10 ಫ್ರೇಮ್‌ಗೆ ತಲುಪುತ್ತದೆ. ಅಂದರೆ ಸೆಕೆಂಡಿನ ಆರನೇ ಒಂದು ಭಾಗ. ನಿಮ್ಮ ಮೂವ್ ಮುಗಿದ ಮೇಲೆ ನೀವು ಬ್ಲಾಕ್ ಮಾಡುವಷ್ಟರಲ್ಲೇ ಜ್ಯಾಬ್ ಬಿತ್ತು ಅಂದರೆ, ಆ ಮೂವನ್ನು ಸುಮ್ನೆ ಹೊಡೆಯುವ ಕಾಲ ಮುಗಿದಿದೆ ಅಂತ ಅರ್ಥ.

ಆಮೇಲೆ ಹೊಸದು. ಟೆಕ್ಕನ್ 8ರಲ್ಲಿ ಹೀಟ್ (ಸ್ವಲ್ಪ ಹೊತ್ತು ಕ್ಯಾರೆಕ್ಟರ್‌ನ ಬಲ ಹೆಚ್ಚಿಸುವ ಸ್ಥಿತಿ) ಇದೆ, ರೌಂಡಿಗೆ ಒಂದೇ ಸಲ ಸಿಗುತ್ತದೆ. ಹೀಟ್ ಬಗ್ಗೆ ಪೂರ್ತಿ ಪಾಠ ಓದಬೇಕಿಲ್ಲ, ನಿಮ್ಮ ಕ್ಯಾರೆಕ್ಟರ್‌ಗೆ ಅದರಿಂದ ಏನು ಜಾಸ್ತಿ ಸಿಗುತ್ತದೆ ಅಂತ ಮಾತ್ರ ಮೊದಲು ನೋಡಿ.

ಹೊಸ ಭಾಗದಲ್ಲಿ ನಿಮ್ಮವನೇ ಇಲ್ಲದಿದ್ದರೆ? ಹೊಟ್ಟೆ ಉರಿಯುತ್ತದೆ, ನಿಜ. ಆದರೆ ಇದು ಮೊದಲಿಂದಲೂ ಇದೆ. ಬೇರೆ ಹೊಡೆದಾಟದ ಗೇಮ್‌ಗಳನ್ನೂ ನೋಡಿ: 1997ರಲ್ಲಿ ಸ್ಟ್ರೀಟ್ ಫೈಟರ್ 3 ಬಂದಾಗ ಹಳಬರಲ್ಲಿ ಇದ್ದದ್ದು ರ್ಯು ಮತ್ತು ಕೆನ್ ಇಬ್ಬರೇ. ಚುನ್ ಲೀ ವಾಪಸ್ ಬಂದಿದ್ದು ಅದರದೇ ಮುಂದಿನ ಆವೃತ್ತಿ, 1999ರ ಥರ್ಡ್ ಸ್ಟ್ರೈಕ್‌ನಲ್ಲಿ. ಮಾರ್ಟಲ್ ಕಾಂಬ್ಯಾಟ್ 3ರಲ್ಲಿ ಸ್ಕಾರ್ಪಿಯನ್ನನ್ನೇ ಬಿಟ್ಟಿದ್ದರು, ಅಲ್ಟಿಮೇಟ್ ಆವೃತ್ತಿಯಲ್ಲಿ ಸೇರಿಸಿದರು. 2024ರ ಜನವರಿಯಲ್ಲಿ ಟೆಕ್ಕನ್ 8 ಬಂದಾಗ ಎಡ್ಡಿ ಇರಲಿಲ್ಲ, ಅದೇ ವರ್ಷ ಡಿಎಲ್‌ಸಿ (ಆಮೇಲೆ ಡೌನ್‌ಲೋಡ್ ಮಾಡಿಕೊಳ್ಳುವ ಹೆಚ್ಚುವರಿ ಭಾಗ) ಆಗಿ ಬಂದ. ಕಾಯಿರಿ. ಕಾಯುವಾಗ ಅದೇ ಶೈಲಿಯಲ್ಲಿ ಆಡುವ ಇನ್ನೊಂದು ಕ್ಯಾರೆಕ್ಟರ್ ಇದೆಯಾ ನೋಡಿ. ಟೆಕ್ಕನ್ 4ರಲ್ಲಿ ಎಡ್ಡಿಯ ಕಪೋಯರಾ (ಬ್ರೆಜಿಲ್‌ನ ಕುಣಿತದಂಥ ಕಾಳಗದ ಶೈಲಿ) ಆಡಿದ್ದು ಅವನ ಶಿಷ್ಯೆ ಕ್ರಿಸ್ಟಿ, ಟೆಕ್ಕನ್ 3ರಲ್ಲಿ ಮಿಶೆಲ್ ಜಾಗಕ್ಕೆ ಬಂದಿದ್ದು ಅವಳ ಸಾಕುಮಗಳು ಜೂಲಿಯಾ. ಡಿಎಲ್‌ಸಿ ಬಂದಾಗ ಒಬ್ಬನಿಗೋಸ್ಕರ ಎಲ್ಲರನ್ನೂ ಸೇರಿಸಿ ಮಾರುವ ಪೂರ್ತಿ ಪಾಸ್ ಕೊಳ್ಳಬೇಡಿ, ಬಿಡಿಯಾಗಿ ಸಿಗುತ್ತಾ ನೋಡಿ.

ಕೊನೆಗೆ ಮನುಷ್ಯರ ಜೊತೆ ಆಡಿ. ಆನ್‌ಲೈನ್ ಆದರೆ ವೈ-ಫೈ ಬಿಟ್ಟು ಕೇಬಲ್ ಹಾಕಿ, ಇಲ್ಲಾಂದ್ರೆ ತಪ್ಪು ನಿಮ್ಮದಾ ನೆಟ್‌ನದಾ ಅಂತಲೇ ಗೊತ್ತಾಗುವುದಿಲ್ಲ. ಅದಕ್ಕಿಂತ ಒಳ್ಳೆಯದು, ವಿದ್ಯಾನಗರದಲ್ಲೋ ಪಿ.ಜೆ. ಬಡಾವಣೆಯಲ್ಲೋ ಇರುವ ಹಳೇ ಗೆಳೆಯನನ್ನು ಭಾನುವಾರ ಮನೆಗೆ ಕರೆಯಿರಿ, ಮಂಡಕ್ಕಿ ಮಿರ್ಚಿ ತರಿಸಿ, ಆದರೆ ಎಣ್ಣೆ ಕೈಯಲ್ಲಿ ಕಂಟ್ರೋಲರ್ ಮುಟ್ಟಲು ಬಿಡಬೇಡಿ. ನಿಮ್ಮ ಎಡ್ಡಿ ಕೈಯಲ್ಲಿ ವರ್ಷಗಟ್ಟಲೆ ಒದೆ ತಿಂದವನು ಅವನು. ಯಾವ ಏಟು ಈಗ ಕಾಣುವಷ್ಟು ನಿಧಾನ ಆಗಿದೆ, ಯಾವುದಕ್ಕೆ ಇನ್ನೂ ಹೆದರಿಕೆ ಆಗುತ್ತದೆ ಅಂತ ಅವನೇ ಹೇಳುತ್ತಾನೆ. ಅವನು ಹೆದರುವ ಏಟನ್ನು ನಿಮ್ಮ ಐದರ ಪಟ್ಟಿಗೆ ಸೇರಿಸಿ, ನಿಧಾನ ಆಗಿದ್ದನ್ನು ತೆಗೆಯಿರಿ, ಆಮೇಲೆ ರ‍್ಯಾಂಕ್ ಮ್ಯಾಚ್‌ಗೆ ಹೋಗಿ.