ನವನಗರಕ್ಕೋ, ಸತ್ತೂರಿಗೋ? ಮನೆ ಬದಲಿಸುವ ಮುನ್ನ ಒಳದಾರಿ ನೋಡಿ

ಹುಬ್ಬಳ್ಳಿ–ಧಾರವಾಡ ರಸ್ತೆಯಲ್ಲಿ ಊರು ಎಲ್ಲಿ ಮುಗಿಯಿತು ಅಂತ ಹೇಳುವುದು ಈಗ ಕಷ್ಟ. ಉಣಕಲ್ ದಾಟಿದರೆ ಭೈರಿದೇವರಕೊಪ್ಪ, ಆಮೇಲೆ ನವನಗರ, ರಾಯಾಪುರ, ಸತ್ತೂರು. ಉದ್ದಕ್ಕೂ ಹೊಸ ಮನೆ, ಹೊಸ ಅಪಾರ್ಟ್‌ಮೆಂಟ್, ಹೊಸ ಲೇಔಟಿನ ಕಮಾನು. ಹಳೇ ಹುಬ್ಬಳ್ಳಿಯ ಓಣಿಯಲ್ಲಿ ಬೈಕ್ ನಿಲ್ಲಿಸಲು ಜಾಗ ಸಿಗದೆ ಬೇಸತ್ತವರು, ಗದಗಿನಿಂದ ದಿನಾ ರೈಲಿನಲ್ಲಿ ಓಡಾಡಿ ದಣಿದವರು, ಮಗನ ಕಾಲೇಜಿಗೆ ಹತ್ತಿರ ಇರಬೇಕೆನ್ನುವವರು ಎಲ್ಲರ ಕಣ್ಣೂ ರಸ್ತೆಯುದ್ದದ ಈ ಪಟ್ಟಿಯ ಮೇಲೆ.

ಜಾಹೀರಾತು ಬೋರ್ಡುಗಳ ಮಾತು ಒಂದೇ: ಚಿಗರಿ (ಹುಬ್ಬಳ್ಳಿ–ಧಾರವಾಡ ನಡುವಿನ ವೇಗದ ಬಸ್) ಸ್ಟಾಪಿಗೆ ಐದೇ ನಿಮಿಷ. ಬೈಕಿನ ಐದು ನಿಮಿಷವೋ, ಕಾಲ್ನಡಿಗೆಯ ಐದು ನಿಮಿಷವೋ, ಅದನ್ನು ಮಾತ್ರ ಬರೆದಿರುವುದಿಲ್ಲ. ಮುಖ್ಯರಸ್ತೆ ಎಲ್ಲರಿಗೂ ಒಂದೇ. ಬರಬೇಕೋ ಬೇಡವೋ ಅಂತ ತೀರ್ಮಾನಿಸುವ ಮುನ್ನ ನೀವು ನೋಡಬೇಕಾದ್ದು ಅಲ್ಲಿಂದ ನಿಮ್ಮ ಬಾಗಿಲವರೆಗಿನ ಒಳದಾರಿ. ನೋಡುವ ಕ್ರಮ ಹೀಗಿರಲಿ.

1. ಬಾಗಿಲಿಂದ ಬಾಗಿಲಿಗೆ ಹೋಗಿ ನೋಡಿ

ಚಿಗರಿ ಬಸ್ 2018ರಲ್ಲಿ ಪ್ರಾಯೋಗಿಕವಾಗಿ ಶುರುವಾಯಿತು, 2020ರಲ್ಲಿ ಅಧಿಕೃತವಾಗಿ ಉದ್ಘಾಟನೆಯಾಯಿತು. ಸುಮಾರು 22 ಕಿಲೋಮೀಟರ್ ಉದ್ದದ ಈ ದಾರಿಯಲ್ಲಿ ಬಸ್ಸಿಗೆ ಬಹುಪಾಲು ಪ್ರತ್ಯೇಕ ಲೇನ್ ಇದೆ. ಹತ್ತಿ ಕೂತರೆ ಆಯ್ತು, ನಡುವಿನ ಪ್ರಯಾಣದ ಬಗ್ಗೆ ಜಾಸ್ತಿ ಚಿಂತೆ ಬೇಡ. ತಕರಾರು ಇರುವುದು ಎರಡು ತುದಿಗಳಲ್ಲಿ.

ಕೆಲಸದ ದಿನವೊಂದನ್ನು ಆರಿಸಿಕೊಳ್ಳಿ. ನೋಡಿಟ್ಟ ಮನೆಯಿಂದ ನಿಮ್ಮ ನಿತ್ಯದ ಹೊತ್ತಿಗೇ ಹೊರಟು ಕಚೇರಿಯ ಕುರ್ಚಿಯವರೆಗೆ ಹೋಗಿ. ಸ್ಟಾಪ್ ರಸ್ತೆಯ ನಟ್ಟನಡುವೆ ಇರುವುದರಿಂದ ಅಲ್ಲಿಗೆ ಮುಟ್ಟಲು ಒಂದು ಕಡೆಯ ವಾಹನಗಳನ್ನು ದಾಟಲೇಬೇಕು. ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಹುಬ್ಬಳ್ಳಿ ತುದಿಯಲ್ಲಿ ನಿಮ್ಮ ಕೆಲಸ ವಿದ್ಯಾನಗರದಲ್ಲಿದ್ದರೆ ಪುಣ್ಯ, ಇಳಿದು ನಡೆದರೆ ಮುಗೀತು. ಗೋಕುಲ ರಸ್ತೆಯಲ್ಲೋ, ತಾರಿಹಾಳದಲ್ಲೋ, ರೈಲ್ ಸೌಧ ಇರುವ ಗದಗ ರಸ್ತೆಯಲ್ಲೋ ಇದ್ದರೆ ಇನ್ನೊಂದು ಬಸ್ಸೋ ಆಟೋನೋ ಬೇಕು. ಗದಗ ರಸ್ತೆಗಾದರೆ ಚೆನ್ನಮ್ಮ ಸರ್ಕಲ್ಲಿನ ಗದ್ದಲವನ್ನೂ ದಾಟಬೇಕು.

ಸಂಜೆ ವಾಪಸ್ ಬರುವುದನ್ನೂ ಮಾಡಿ ನೋಡಿ. ಏಳೂವರೆಗೆ ಸ್ಟಾಪಿನಲ್ಲಿ ಇಳಿದು, ಕೈಯಲ್ಲಿ ಕಾಯಿಪಲ್ಲೆ ಚೀಲ ಹಿಡಿದು ಒಳಗೆ ನಡೆಯಿರಿ. ಬೀದಿದೀಪ ಎಲ್ಲಿಯವರೆಗಿದೆ? ನಾಯಿಗಳು ಎಷ್ಟಿವೆ? ಆಟೋದವರು ಒಳಗೆ ಬರಲು ಒಪ್ಪುತ್ತಾರಾ, ಅಥವಾ ಕಮಾನಿನ ಹತ್ತಿರವೇ ಇಳಿಸುತ್ತಾರಾ? ಕಾಲೇಜಿಗೆ ಹೋಗುವ ಮಗಳಿದ್ದರೆ ಅವಳನ್ನೂ ಕರೆದೊಯ್ದು ಕೇಳಿ. ನಿಮಗೆ ಹತ್ತಿರ ಅನಿಸಿದ್ದು ಅವಳಿಗೆ ಹತ್ತಿರ ಇರಲಿಕ್ಕಿಲ್ಲ.

ಖರ್ಚಿನ ಲೆಕ್ಕದಲ್ಲೂ ಒಂದು ಮಾತು. 2023ರ ಜೂನ್‌ನಲ್ಲಿ ಶುರುವಾದ ಶಕ್ತಿ ಯೋಜನೆಯ ಉಚಿತ ಪ್ರಯಾಣ ಎಸಿ ಬಸ್ಸುಗಳಿಗಿಲ್ಲ, ಚಿಗರಿ ಎಸಿ ಬಸ್ಸು. ದಿನಾ ಓಡಾಡುವ ಹೆಣ್ಣುಮಕ್ಕಳು ಟಿಕೆಟ್ ಕೊಟ್ಟು ಬೇಗ ಹೋಗಬೇಕೋ, ಸಾದಾ ಬಸ್ಸಿಗೆ ಕಾಯಬೇಕೋ ಮೊದಲೇ ಯೋಚಿಸಿ. ರೈಲೂ ಇದೆ. ಉಣಕಲ್, ಅಮರಗೋಳ, ನವಲೂರು ಸಣ್ಣ ನಿಲ್ದಾಣಗಳು, ಎಕ್ಸ್‌ಪ್ರೆಸ್ ಗಾಡಿಗಳನ್ನು ಇಲ್ಲಿ ನೆಚ್ಚಬೇಡಿ. ಪ್ಯಾಸೆಂಜರ್ ಗಾಡಿಯ ಹೊತ್ತು ನಿಮ್ಮ ಹೊತ್ತಿಗೆ ಹೊಂದಿದರೆ ಮಂತ್ಲಿ ಪಾಸ್‌ನಷ್ಟು ಅಗ್ಗದ್ದು ಬೇರೆ ಇಲ್ಲ.

2. ನೀರಿನ ಮಾತು ಮಾಲೀಕರನ್ನು ಕೇಳಬೇಡಿ

ಪಕ್ಕದ ಮನೆಯ ಬಾಗಿಲು ತಟ್ಟಿ. ಅಂಗಳ ಗುಡಿಸುತ್ತಿರುವ ಅಜ್ಜಿಯೋ ವೈನಿಯೋ ಸಿಕ್ಕೇ ಸಿಗುತ್ತಾರೆ.

“ಇಲ್ಲಿ ನಳ ಯಾವಾಗ ಬರತದ್ರೀ?”

“ಬಂದಾಗ ಬರತದ ನೋಡ್ರಿ. ಬಂದಾಗ ಕರೆಂಟ್ ಇದ್ರ ಮ್ಯಾಲಿನ ಟಾಕಿ ತುಂಬತದ, ಇಲ್ಲಾಂದ್ರ ಕೊಡಾ ಹೊರೂದ.”

ಅವಳಿ ನಗರಕ್ಕೆ ಮುಖ್ಯವಾಗಿ ಸವದತ್ತಿ ಹತ್ತಿರದ ಮಲಪ್ರಭಾ ಜಲಾಶಯದ ನೀರು ಬರುತ್ತದೆ. 2008ರಿಂದ ಕೆಲವು ವಾರ್ಡುಗಳಲ್ಲಿ ದಿನದ 24 ತಾಸೂ ನೀರಿದೆ, ಉಳಿದ ಕಡೆ ಪಾಳಿ. ಒಂದೇ ಬಡಾವಣೆಯ ಎರಡು ಅಡ್ಡರಸ್ತೆಗಳ ನಡುವೆಯೂ ವ್ಯತ್ಯಾಸ ಇರುವುದರಿಂದ ‘ಏರಿಯಾದಾಗ ನೀರೈತಿ’ ಎಂಬ ಮಾತಿಗೆ ಬೆಲೆಯಿಲ್ಲ. ನಿಮ್ಮ ಸಾಲಿನ ಪಾಳಿ ಎಷ್ಟು ದಿನಕ್ಕೊಮ್ಮೆ, ನೆಲದೊಳಗಿನ ಟಾಕಿ ಎಷ್ಟು ಲೀಟರಿನದು, ಇವೆರಡನ್ನೂ ಕೂಡಿಸಿ ನೋಡಿ. ಬೋರ್ ಇದ್ದರೆ ಒಂದು ಲೋಟ ನೀರು ಕುಡಿದು ನೋಡಿ. ಸವಳಾಗಿದ್ದರೆ ಬೇಳೆ ಬೇಯುವುದಿಲ್ಲ, ಗೀಸರ್ ಬಾಳುವುದಿಲ್ಲ. ಬಚ್ಚಲಿನ ನಳದ ಸುತ್ತ ಬಿಳಿ ಪೊರೆ ಕಟ್ಟಿದ್ದರೆ ಕುಡಿಯುವ ಅಗತ್ಯವೂ ಇಲ್ಲ, ಉತ್ತರ ಅಲ್ಲೇ ಸಿಕ್ಕಿತು.

ಹೊಲಸು ನೀರು ಎಲ್ಲಿಗೆ ಹೋಗುತ್ತದೆ ಅಂತಲೂ ಕೇಳಿ. ಒಳಚರಂಡಿ ಇಲ್ಲದ ಲೇಔಟಿನಲ್ಲಿ ಗುಂಡಿಯೇ ಗತಿ. ಗುಂಡಿ ಮತ್ತು ಬೋರು ಅಕ್ಕಪಕ್ಕ ಇದ್ದರೆ ಆ ಮನೆ ಬಿಟ್ಟುಬಿಡಿ.

3. ಕಾಲಿಗೆ ಅಂಟುವ ಮಣ್ಣು ಯಾವುದು?

ಬಾಡಿಗೆಗೆ ಹೋಗುವವರು ಇದನ್ನು ಬಿಟ್ಟು ಮುಂದೆ ಹೋಗಬಹುದು. ಪ್ಲಾಟ್ ಕೊಳ್ಳುವವರು ಮಾತ್ರ ನಿಂತು ಓದಿ. ಹುಬ್ಬಳ್ಳಿಯಿಂದ ಮೂಡಣಕ್ಕೆ, ಕುಸುಗಲ್, ನವಲಗುಂದದ ಕಡೆಗೆ ಹೋದಷ್ಟೂ ಎರೆ ಭೂಮಿ, ಅಂದರೆ ಕರಿ ಮಣ್ಣು. ಧಾರವಾಡದಿಂದ ಪಡುವಣಕ್ಕೆ ಹೋದಷ್ಟೂ ಕೆಂಪು ನೆಲ ಜಾಸ್ತಿ. ನಡುವಿನ ಪಟ್ಟಿಯಲ್ಲಿ ಎರಡೂ ಸಿಗುತ್ತವೆ.

ಎರೆ ಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ. ಮೇಲಿನ ಮನೆಯೂ ಅದರ ಜೊತೆ ಏರಿಳಿಯುತ್ತದೆ. ಆಸುಪಾಸಿನ ಐದಾರು ವರ್ಷ ಹಳೆಯ ಮನೆಗಳ ಗೋಡೆ, ಕಾಂಪೌಂಡ್ ನೋಡಿ. ಕಿಟಕಿಯ ಮೂಲೆಯಿಂದ ಓರೆಯಾಗಿ ಇಳಿದ ಬಿರುಕು, ಮುಚ್ಚಲು ಕೊಡದ ಗೇಟು, ಗೋಡೆಯಿಂದ ಬಿಟ್ಟುಕೊಂಡ ಮೆಟ್ಟಿಲು ಕಂಡರೆ ಕೆಳಗೆ ಏನಿದೆ ಅಂತ ಗೊತ್ತಾಗುತ್ತದೆ. ಹಾಗಂತ ಎರೆ ನೆಲದಲ್ಲಿ ಮನೆ ಕಟ್ಟಬಾರದು ಅಂತೇನಿಲ್ಲ. ಕರಿ ಮಣ್ಣು ತೆಗೆದು ಕೆಳಗಿನ ಗಟ್ಟಿ ಗರಸು ಸಿಗುವವರೆಗೆ ಹೋಗಬೇಕು, ಗೋಡೆಗಳ ಕೆಳಗೆ ಕಾಂಕ್ರೀಟಿನ ಪ್ಲಿಂತ್ ಬೀಮ್ ಹಾಕಬೇಕು, ಗರಸು ತೀರಾ ಆಳದಲ್ಲಿದ್ದರೆ ಪೈಲ್ (ಆಳಕ್ಕಿಳಿಸುವ ಕಂಬ) ಹಾಕಬೇಕು. ಪಾಯಕ್ಕೇ ಹಣ ಜಾಸ್ತಿ ಹೋಗುತ್ತದೆ. ‘ಈ ಕಡೆ ಪ್ಲಾಟ್ ಅಗ್ಗ’ ಅನ್ನುವವರ ಲೆಕ್ಕದಲ್ಲಿ ಈ ಹಣ ಇರುವುದಿಲ್ಲ.

4. ಕಾಗದ

ಗುಂಟೆ ಪ್ಲಾಟ್ ಅಂತ ಯಾರಾದರೂ ಕಡಿಮೆ ರೇಟಿಗೆ ತೋರಿಸಿದರೆ ನಮಸ್ಕಾರ ಹೇಳಿ ಬನ್ನಿ. ಒಂದು ಗುಂಟೆ 1089 ಚದರ ಅಡಿ, ಅಳತೆಯೇನೋ ಆಸೆ ಹುಟ್ಟಿಸುತ್ತದೆ. ಆದರೆ ಅದು ಉತಾರದಲ್ಲಿ (ಪಹಣಿಯಲ್ಲಿ) ಇನ್ನೂ ಹೊಲ. ಮನೆ ಕಟ್ಟುವ ಪರವಾನಗಿ, ಬ್ಯಾಂಕ್ ಸಾಲ ಎರಡಕ್ಕೂ ತೊಡಕು.

ನೋಡಬೇಕಾದ್ದು ಇಷ್ಟು: ಎನ್‌ಎ ಆದೇಶ (ಹೊಲವನ್ನು ಬೇಸಾಯೇತರ ಬಳಕೆಗೆ ಬದಲಿಸಿದ್ದು), ಹುಡಾ (ಹುಬ್ಬಳ್ಳಿ–ಧಾರವಾಡ ನಗರಾಭಿವೃದ್ಧಿ ಪ್ರಾಧಿಕಾರ) ಒಪ್ಪಿದ ಲೇಔಟ್ ನಕ್ಷೆ, ಪಾಲಿಕೆಯೊಳಗಿದ್ದರೆ ಇ-ಆಸ್ತಿ, ಪಂಚಾಯ್ತಿಯಲ್ಲಿದ್ದರೆ ಇ-ಸ್ವತ್ತು ದಾಖಲೆ, ಕಾವೇರಿ ಪೋರ್ಟಲ್‌ನಿಂದ ತೆಗೆದ ಇಸಿ (ಋಣಭಾರ ಪತ್ರ). ಇವನ್ನು ವಕೀಲರು ನೋಡಿಕೊಳ್ಳುತ್ತಾರೆ. ಕೊಳ್ಳುವವರು ಕೇಳದೇ ಬಿಡುವ ಪ್ರಶ್ನೆಗಳು ಇನ್ನೆರಡಿವೆ. ಪ್ರಾಧಿಕಾರ ರಸ್ತೆ, ಚರಂಡಿ, ದೀಪದ ಕೆಲಸ ನೋಡಿಕೊಂಡು ಪ್ಲಾಟುಗಳನ್ನು ಹಂತ ಹಂತವಾಗಿ ಬಿಡುಗಡೆ ಮಾಡುತ್ತದೆ. ನಿಮ್ಮ ನಂಬರು ಬಿಡುಗಡೆಯಾದ ಪಟ್ಟಿಯಲ್ಲಿದೆಯಾ? ಲೇಔಟ್ ಪಾಲಿಕೆಗೆ ಹಸ್ತಾಂತರ ಆಗಿದೆಯಾ? ಆಗಿಲ್ಲದಿದ್ದರೆ ಬೀದಿದೀಪ ಕೆಟ್ಟರೂ ಚರಂಡಿ ಕಟ್ಟಿದರೂ ಪಾಲಿಕೆಯವರು ಡೆವಲಪರ್ ಕಡೆ ಕೈ ತೋರಿಸುತ್ತಾರೆ. ಡೆವಲಪರ್ ಅಷ್ಟರಲ್ಲಿ ಮುಂದಿನ ಲೇಔಟಿನಲ್ಲಿ ಭೂಮಿಪೂಜೆ ಮಾಡುತ್ತಿರುತ್ತಾರೆ. ಹುಡಾ ಕಚೇರಿ ನವನಗರದಲ್ಲೇ ಇದೆ, ಮನೆ ನೋಡಲು ಹೋದ ದಿನವೇ ವಿಚಾರಿಸಿ ಬನ್ನಿ.

5. ಮನೆಯಲ್ಲಿ ಉಳಿಯುವವರು ಯಾರು?

ಎಷ್ಟೋ ಮನೆಗಳಲ್ಲಿ ಈ ಮಾತು ಸಾಮಾನು ಲಾರಿಗೇರಿದ ಮೇಲೆ ಬರುತ್ತದೆ. ದಿನಾ ಬಸ್ ಹತ್ತಿ ಹೋಗುವವರಿಗೆ ಹೊಸ ಬಡಾವಣೆ ಅಂದರೆ ರಾತ್ರಿಯ ನಿದ್ದೆ ಮತ್ತು ಭಾನುವಾರ. ಉಳಿದ ಹೊತ್ತೆಲ್ಲ ಅಲ್ಲಿ ಕಳೆಯುವವರು ಅವ್ವ, ಅಪ್ಪ, ಅತ್ತೆ. ಹಳೇ ಓಣಿಯಲ್ಲಿ ಅವ್ವನಿಗೆ ಗಿರಣಿ ನಾಲ್ಕು ಮನೆ ದೂರ. ಗುಳಿಗೆ ಕೊಡುವ ಡಾಕ್ಟರು ಹೆಸರು ಹಿಡಿದು ಮಾತಾಡಿಸುತ್ತಾರೆ. ಸಂಜೆ ಸಿದ್ಧಾರೂಢ ಮಠಕ್ಕೆ ಒಬ್ಬಳೇ ಹೋಗಿ ಬರುತ್ತಾಳೆ. ನವನಗರದಿಂದ ಅದೇ ಮಠಕ್ಕೆ ಚಿಗರಿ ಹತ್ತಿ, ಇಳಿದು, ಇನ್ನೊಂದು ಗಾಡಿ ಹಿಡಿಯಬೇಕು. ‘ನಾನು ಕಾರಿನಾಗ ಕರಕೊಂಡು ಹೋಗ್ತೀನಿ ಬಿಡಬೇ’ ಅಂತ ಮಗ ಹೇಳುವುದು ಸುಲಭ.

ಆದ್ದರಿಂದ ಮನೆ ನೋಡಲು ಹಿರಿಯರನ್ನು ಕರೆದೊಯ್ಯಿರಿ, ಅದೂ ಮಂಗಳವಾರವೋ ಬುಧವಾರವೋ ಮಧ್ಯಾಹ್ನ ಮೂರಕ್ಕೆ. ಆ ಹೊತ್ತಿನಲ್ಲಿ ರಸ್ತೆಯಲ್ಲಿ ಮಾತಿಗೆ ಸಿಗುವವರು ಯಾರಾದರೂ ಇದ್ದಾರಾ? ಹಿಟ್ಟಿನ ಗಿರಣಿ, ಕಿರಾಣಿ, ಔಷಧಿ ಅಂಗಡಿ ನಡೆದು ಹೋಗುವಷ್ಟು ದೂರದಲ್ಲಿವೆಯಾ? ದೊಡ್ಡ ಆಸ್ಪತ್ರೆಗೆ ಸತ್ತೂರಿನ ಎಸ್‌ಡಿಎಂ ಹತ್ತಿರ, ಅದು ಈ ಪಟ್ಟಿಯ ದೊಡ್ಡ ಅನುಕೂಲ. ಆದರೆ ರಾತ್ರಿ ಜ್ವರಕ್ಕೆ ಗುಳಿಗೆ ಬೇಕಾದಾಗ ಲೆಕ್ಕಕ್ಕೆ ಬರುವುದು ಮೂಲೆಯ ಅಂಗಡಿ. ಹಿರಿಯರು ಬೇಡ ಅಂದರೆ ಅವರ ಕಾರಣ ಪೂರ್ತಿ ಕೇಳಿ. ನನ್ನ ಮಟ್ಟಿಗೆ, ಬಸ್ಸಿನಲ್ಲಿ ನಿಮಗೆ ಉಳಿಯುವ ಅರ್ಧ ತಾಸಿಗಿಂತ ಅವರ ಹಗಲು ದೊಡ್ಡದು.

6. ಕೊಳ್ಳುವ ಮುನ್ನ ಒಂದು ಮಳೆಗಾಲ ಬಾಡಿಗೆ

ಇಲ್ಲಿಯವರೆಗಿನ ಉತ್ತರಗಳು ಒಪ್ಪಿಗೆಯಾದರೂ ಹಳೇ ಮನೆ ಮಾರಬೇಡಿ, ಅದನ್ನು ಬಾಡಿಗೆಗೆ ಕೊಟ್ಟು ಇಲ್ಲೊಂದು ಬಾಡಿಗೆ ಮನೆ ಹಿಡಿಯಿರಿ. ಜೂನ್ ಶುರುವಿನಲ್ಲಿ ಬಂದರೆ ಒಳ್ಳೆಯದು. ಡಾಂಬರು ಕಾಣದ ಒಳರಸ್ತೆ ಹೇಗಾಗುತ್ತದೆ, ಶಾಲೆಯ ವ್ಯಾನ್ ಎಲ್ಲಿಯವರೆಗೆ ಬರುತ್ತದೆ, ಕರೆಂಟ್ ಹೋದರೆ ಎಷ್ಟು ಹೊತ್ತಿಗೆ ಬರುತ್ತದೆ ಎಲ್ಲ ದಸರೆಯೊಳಗೆ ಗೊತ್ತಾಗುತ್ತದೆ. ಮಕ್ಕಳ ಶಾಲೆಯನ್ನು ಆ ವರ್ಷ ಬದಲಿಸಬೇಡಿ, ಓಡಾಟ ಜಾಸ್ತಿಯಾದರೂ ಸರಿ. ಕರಾರುಪತ್ರ ಹನ್ನೊಂದು ತಿಂಗಳದ್ದಾದರೂ ಒಂದು ತಿಂಗಳ ಮುಂಚೆ ತಿಳಿಸಿ ಬಿಡುವ ಷರತ್ತು ಬರೆಸಿಕೊಳ್ಳಿ, ಅಡ್ವಾನ್ಸ್ ವಾಪಸ್ ಕೊಡುವ ದಿನವನ್ನೂ ಅದರಲ್ಲೇ ಸೇರಿಸಿ.