ಒಂದು ಹೆಲ್ಮೆಟ್ಟಿಗೆ ಎಷ್ಟು ವಯಸ್ಸು?

ಫ್ರಾನ್ಸಿನ ಊರೂರಲ್ಲೂ ‘ವೀದ್ ಗ್ರೆನಿಯೆ’ ಅಂತ ಸಂತೆ ನಡೆಯುತ್ತದೆ. ಪದಕ್ಕೆ ಪದ ಹೇಳಿದರೆ ‘ಅಟ್ಟ ಖಾಲಿ ಮಾಡೋದು’. ಅಟ್ಟದಲ್ಲಿ ಧೂಳು ತಿನ್ನುತ್ತಿದ್ದ ಸಾಮಾನನ್ನೆಲ್ಲ ಜನ ಬೀದಿಗೆ ತಂದು ಹರವಿಕೊಂಡು ಕೂರುತ್ತಾರೆ. ಪ್ಯಾರಿಸ್ ಹತ್ತಿರ ಕೆಲಸಕ್ಕೆ ಬಂದ ಮೇಲೆ ಭಾನುವಾರ ಇದನ್ನು ಸುತ್ತೋದು ನನಗೆ ಚಟವಾಗಿದೆ. ಅಲ್ಲೇ ಒಮ್ಮೆ ಪಿಂಗಾಣಿ ತಟ್ಟೆಗಳ ಪಕ್ಕ ಒಂದು ಖಾಕಿ ಹೆಲ್ಮೆಟ್ ಬೋರಲು ಬಿದ್ದಿತ್ತು. ನೆತ್ತಿಯ ಮೇಲೆ ಹುಂಜದ ಜುಟ್ಟಿನಂಥ ಪಟ್ಟಿ. ಮುಂದಿನ ಅಂಚಿಗೆ ಹಿತ್ತಾಳೆಯ ಫಲಕ: ‘ಮಹಾಯುದ್ಧದ ಯೋಧ, 1914–1918’. ಮಾರುತ್ತಿದ್ದ ಹಿರಿಯರು, “ನಮ್ಮ ತಾತಂದು, ವರ್ಡನ್ ಕದನದಲ್ಲಿ ಹಾಕಿದ್ದು” ಅಂದರು. ಅರವತ್ತು ಯೂರೋ. ಚೌಕಾಸಿ ಮಾಡದೆ ಕೊಟ್ಟುಬಿಟ್ಟೆ.

ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ಬರುವಾಗ ಇದು 1914ರದ್ದು ಅಂತಲೇ ನಂಬಿದ್ದೆ. ಫಲಕದಲ್ಲೇ ಬರೆದಿದೆಯಲ್ಲ! ಅದು ಮೊದಲ ತಪ್ಪು. 1914ರಲ್ಲಿ ಫ್ರೆಂಚ್ ಕಾಲಾಳುಗಳು ಕೆಂಪು ಪ್ಯಾಂಟು, ಬಟ್ಟೆಯ ‘ಕೆಪಿ’ ಟೋಪಿ ಹಾಕಿಕೊಂಡೇ ಯುದ್ಧಕ್ಕೆ ಹೋದರು. ಉಕ್ಕಿನ ಹೆಲ್ಮೆಟ್ ಇರಲೇ ಇಲ್ಲ. ತಲೆಗೆ ಸಿಡಿದ ಶೆಲ್ಲಿನ ಚೂರು ಬಡಿದು ಸಾಯುವವರು ಜಾಸ್ತಿಯಾದಾಗ ಮೊದಲು ಟೋಪಿಯೊಳಗೆ ಇಟ್ಟುಕೊಳ್ಳುವ ಉಕ್ಕಿನ ಬಟ್ಟಲು ಕೊಟ್ಟರು. ಆಮೇಲೆ 1915ರಲ್ಲಿ ಸೇನೆಯ ಸರಬರಾಜು ವಿಭಾಗದ ಲೂಯಿ ಆದ್ರಿಯಾನ್ ರೂಪಿಸಿದ ಹೆಲ್ಮೆಟ್ ಬಂತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಶಾಂಪೇನ್ ಪ್ರಾಂತ್ಯದಲ್ಲಿ ನಡೆದ ದಾಳಿಯ ಹೊತ್ತಿಗೆ ಸಾಲುಸಾಲು ಸೈನಿಕರ ತಲೆ ಮೇಲೆ ಅದಿತ್ತು. ಫಲಕಗಳೋ, ಯುದ್ಧ ಮುಗಿದ ಮೇಲೆ, ಹೆಲ್ಮೆಟ್ಟನ್ನು ನೆನಪಿಗೆ ಮನೆಗೆ ಒಯ್ದವರಿಗೆ ಕೊಟ್ಟಿದ್ದು.

ಹಾಗಾದರೆ ನನ್ನದು ಯಾವ ಮಾದರಿ? ಆದ್ರಿಯಾನ್‌ನಲ್ಲಿ ಮುಖ್ಯವಾಗಿ ಎರಡು, 1915ರದ್ದು ಮತ್ತು 1926ರದ್ದು. ದೂರದಿಂದ ಅವಳಿಜವಳಿ. ವ್ಯತ್ಯಾಸ ಕಂಡುಹಿಡಿಯೋಕೆ ಪುಸ್ತಕ ಬೇಡ, ಹೆಬ್ಬೆರಳ ಉಗುರು ಸಾಕು. ಹೆಲ್ಮೆಟ್ಟಿನ ಗುಂಡು ಭಾಗದಿಂದ ಅಂಚಿನ ಕಡೆಗೆ ಉಗುರನ್ನು ಮೆಲ್ಲಗೆ ಜಾರಿಸಬೇಕು. 1926ರದ್ದರಲ್ಲಿ ಅದು ಎಲ್ಲೂ ನಿಲ್ಲದೆ ಹೋಗುತ್ತದೆ. ಯಾಕೆಂದರೆ ಗುಂಡು, ಅಂಚು ಎರಡನ್ನೂ ಒಂದೇ ತಗಡಿನಿಂದ ಒತ್ತಿ ಮಾಡಿದ್ದು. 1915ರದ್ದರಲ್ಲಿ ಗುಂಡು ಬೇರೆ, ಮುಂದಿನ ಅಂಚು ಬೇರೆ, ಕತ್ತಿನ ಕಡೆಯ ಅಂಚು ಬೇರೆ. ನನ್ನ ಉಗುರು ಟಕ್ ಅಂತ ಸಿಕ್ಕಿಕೊಂಡಿತು. ಸುತ್ತಲೂ ಸಣ್ಣ ಮೆಟ್ಟಿಲು. ಒಳಗಿನಿಂದ ನೆತ್ತಿ ನೋಡಿದರೆ ಜುಟ್ಟಿನ ಕೆಳಗೆ ಗಾಳಿಯಾಡಲು ಒಂದೇ ಉದ್ದನೆಯ ಸೀಳು. 1926ರದ್ದಾಗಿದ್ದರೆ ಸೀಳಿನ ಬದಲು ಸಣ್ಣ ತೂತುಗಳು ಇರುತ್ತಿದ್ದವು. ಸರಿ, ಮಾದರಿ 1915ರದ್ದೇ.

ಆದರೆ ಖಾಕಿ ಬಣ್ಣ ಎಲ್ಲಿಂದ ಬಂತು? ಫ್ರೆಂಚರ ಹೆಲ್ಮೆಟ್ ಆಗ ಬಾನಂಚಿನ ಮಾಸಲು ನೀಲಿ. ಆಫ್ರಿಕಾದ ದಳಗಳಿಗೆ ಖಾಕಿಯೂ ಇತ್ತು, ನಿಜ. ಬ್ಯಾಟರಿ ಹಿಡಿದು ಒಳಗೆ ನೋಡಿದೆ. ಒಣಗಿ ಮರದ ತೊಗಟೆಯಂತಾದ ಚರ್ಮದ ಪಟ್ಟಿಯ ಹಿಂದೆ, ಅಲೆಅಲೆಯಾಗಿ ಮಡಚಿದ ಅಲ್ಯೂಮಿನಿಯಂ ತುಂಡಿನ ಪಕ್ಕ, ಬೆರಳುಗುರಿನ ಕಾಲು ಭಾಗದಷ್ಟು ಜಾಗದಲ್ಲಿ ನೀಲಿ ಉಳಿದಿತ್ತು. ಅದೂ ಹೊಳೆಯುವ ನೀಲಿ! ಮೊದಮೊದಲ ಹೆಲ್ಮೆಟ್ಟುಗಳ ಬಣ್ಣ ಹೀಗೇ ಹೊಳೆಯುತ್ತಿತ್ತು. ಬಿಸಿಲಿಗೆ ಮಿಂಚಿ ಶತ್ರುವಿಗೆ ಗುರಿ ತೋರಿಸುತ್ತದೆ ಅಂತ ಮೇಲೆ ಬಟ್ಟೆಯ ಗವಸು ಹಾಕಿಸಿದರು. ಗುಂಡು ತಗುಲಿದಾಗ ಆ ಕೊಳಕು ಬಟ್ಟೆಯ ಎಳೆ ಗಾಯದೊಳಗೆ ಸೇರಿ ಕೀವಾಗತೊಡಗಿತು. ಗವಸು ಹೋಯಿತು. 1916ರಿಂದ ಬಣ್ಣವೇ ಹೊಳಪಿಲ್ಲದ್ದು ಬಂತು. ಅಂದರೆ ನನ್ನ ತಗಡು 1915ರದ್ದು, ತಪ್ಪಿದರೆ 1916ರ ಶುರುವಿನದು. ಖಾಕಿ ಆಮೇಲಿನದು. ಬಹುಶಃ 1930ರ ದಶಕದ್ದು. ಆಗ ಸೇನೆ ನೀಲಿ ಬಿಟ್ಟು ಖಾಕಿಗೆ ಬಂದಿತ್ತು. 1940ರಲ್ಲೂ ಹಿಂದಿನ ಸಾಲಿನ ದಳಗಳಿಗೆ ಈ ಹಳೇ ಹೆಲ್ಮೆಟ್ಟುಗಳನ್ನೇ ಬಳಿದು ಕೊಟ್ಟಿದ್ದರು.

ಮುಂದೆ ಉರಿಯುವ ಗ್ರೆನೇಡಿನ ಬಿಲ್ಲೆ ಇತ್ತು, ಮಧ್ಯೆ ‘ಆರ್ ಎಫ್’, ಅಂದರೆ ಫ್ರೆಂಚ್ ಗಣರಾಜ್ಯ. ಗ್ರೆನೇಡ್ ಅಂದರೆ ಕಾಲಾಳು. ಫಿರಂಗಿ ದಳದ್ದಾದರೆ ಅಡ್ಡಡ್ಡ ಎರಡು ಫಿರಂಗಿ, ‘ಬೇಟೆಗಾರ’ ಅಂತ ಹೆಸರಿದ್ದ ಚುರುಕು ಕಾಲಾಳು ದಳಕ್ಕೆ ಕೊಂಬು, ಉತ್ತರ ಆಫ್ರಿಕಾದವರಿಗೆ ಅರ್ಧಚಂದ್ರ. ಬಿಲ್ಲೆ ನಂಬಿ ವರ್ಷ ಹೇಳಬಾರದು ಅಂತ ಈಗ ನನಗೆ ಗೊತ್ತು. ಎರಡು ಸೀಳಿಗೆ ಎರಡು ನಾಲಿಗೆ ತೂರಿಸಿ ಒಳಗೆ ಮಡಚಿದರೆ ಯಾರು ಬೇಕಾದರೂ ಹಾಕಬಹುದು. ನಾನು ಅದರ ಕೆಳಗೆ ಏನಿದೆ ನೋಡೋಣ ಅಂತ ಒಂದು ನಾಲಿಗೆಯನ್ನು ಬಿಡಿಸಲು ಹೋದೆ. ಪಟ್ಟಂತ ಮುರಿಯಿತು. ನೂರು ವರ್ಷ ತಡೆದದ್ದು ನನ್ನ ಕೈಯಲ್ಲಿ ಹೋಯಿತಲ್ಲ ಅಂತ ಎರಡು ದಿನ ಊಟ ಸೇರಲಿಲ್ಲ. ದಯವಿಟ್ಟು ನೀವು ಹಾಗೆ ಮಾಡಬೇಡಿ.

ಮುರಿದದ್ದು ಮುರಿಯಿತು, ನೋಡೋದು ನೋಡಿದೆ. ಬಿಲ್ಲೆಯ ಕೆಳಗೂ ಖಾಕಿ. ಅದರ ಮೇಲೆ ದುಂಡನೆಯ ಮಾಸಲು ಗುರುತು. 1937ರಿಂದ ಸೇನೆ ಬಿಲ್ಲೆಯನ್ನು ದುಂಡಗೆ ಮಾಡಿತ್ತು. ಅಂಥದ್ದೊಂದು ಇಲ್ಲಿ ಕೂತಿದ್ದು, ಗ್ರೆನೇಡ್ ಆಮೇಲೆ ಬಂದಿರಬೇಕು. ಸಡಿಲವಾಗಿದ್ದ ಹಿತ್ತಾಳೆ ಫಲಕದ ಕೆಳಗೂ ಇಣುಕಿದೆ. ಅಲ್ಲೂ ಖಾಕಿ! ತಾತ ಯುದ್ಧ ಮುಗಿಸಿ ಮನೆಗೆ ಒಯ್ದಿದ್ದರೆ ಅಲ್ಲಿ ನೀಲಿ ಇರಬೇಕಿತ್ತು, ಅಲ್ವಾ? ಮನೆಯ ಗೂಡಿನಲ್ಲಿದ್ದ ಹೆಲ್ಮೆಟ್ಟಿಗೆ ಸೇನೆ ಬಂದು ಖಾಕಿ ಬಳಿಯೋದಿಲ್ಲ.

ಖಚಿತ ಮಾಡಿಕೊಳ್ಳೋಣ ಅಂತ ಮೋ ಊರಿನ ಮಹಾಯುದ್ಧದ ಮ್ಯೂಸಿಯಮ್ಮಿಗೆ ಹೋಗಿ, ಗಾಜಿಗೆ ಮೂಗು ಒತ್ತಿ ನಿಂತು ನೀಲಿಗೆ ನೀಲಿ ಹೋಲಿಸಿ ಬಂದೆ. ಆ ಹಿರಿಯರು ಸುಳ್ಳು ಹೇಳಿದರು ಅಂತ ನನಗೆ ಅನಿಸುವುದಿಲ್ಲ. ಫಲಕ ಅವರ ತಾತನದ್ದೇ ಇರಬಹುದು. ಯಾರೋ ಅದನ್ನು ಸಿಕ್ಕ ಹೆಲ್ಮೆಟ್ಟಿಗೆ ಸಿಕ್ಕಿಸಿದ್ದಾರೆ.

ವಿಡಿಯೋ ಕಾಲಿನಲ್ಲಿ ಅಮ್ಮನಿಗೆ ತೋರಿಸಿದೆ. “ಹುಣಸೆಹಣ್ಣು ಹಾಕಿ ತಿಕ್ಕೋ, ಫಳಫಳ ಅನ್ನುತ್ತೆ” ಅಂದರು. ಬೇಡಮ್ಮ, ಆ ಕೊಳೆಯಲ್ಲೇ ಎಲ್ಲ ಇರೋದು ಅಂದೆ. ಮೆತ್ತನೆ ಬ್ರಷ್ಷಿನಲ್ಲಿ ಧೂಳು ಮಾತ್ರ ತೆಗೆದಿದ್ದೇನೆ. ಮುರಿದ ನಾಲಿಗೆಯ ಚೂರು ಒಂದು ಬೆಂಕಿಪೊಟ್ಟಣದೊಳಗಿದೆ, ಹೆಲ್ಮೆಟ್ಟಿನ ಪಕ್ಕದಲ್ಲೇ.