ಹಳೆ ಟೇಪ್ ಜಾಗಕ್ಕೆ ನ್ಯಾಸ್ ತಂದೆ, ವಿಟಿಎಲ್ ಅಲ್ಲ

ಪೀಣ್ಯದಲ್ಲಿ ಯಂತ್ರದ ಬಿಡಿಭಾಗ ತಯಾರಿಸುವ ಕಾರ್ಖಾನೆಯೊಂದರಲ್ಲಿ ಸರ್ವರ್ ನೋಡಿಕೊಳ್ಳುವ ಕೆಲಸ ನನ್ನದು. ಒಂಬತ್ತು ಸರ್ವರ್, ಸುಮಾರು 6 ಟಿಬಿ ಡೇಟಾ. ಅದರಲ್ಲಿ ಮುಕ್ಕಾಲು ಪಾಲು ಡಿಸೈನ್ ವಿಭಾಗದ ಡ್ರಾಯಿಂಗ್‌ಗಳು. ಎಲ್ಲದರ ಬ್ಯಾಕಪ್ ವರ್ಷಗಟ್ಟಲೆ ಒಂದು ಎಲ್‌ಟಿಒ-5 ಆಟೋಲೋಡರ್ ಮೇಲೆ ನಡೆದಿತ್ತು. ಎಂಟು ಟೇಪ್ ಕಾರ್ಟ್ರಿಡ್ಜ್ ಹಿಡಿದು, ಅವನ್ನು ತಾನೇ ಬದಲಿಸಿಕೊಳ್ಳುವ ಪೆಟ್ಟಿಗೆ ಅದು. ಎಲ್‌ಟಿಒ ಅಂದರೆ ಬ್ಯಾಕಪ್ ಟೇಪ್‌ನ ಒಂದು ಮಾದರಿ, 5 ಅದರ ತಲೆಮಾರು.

ಅದರ ದೊಡ್ಡ ಕಷ್ಟ ವೇಗದ್ದು. ಡ್ರೈವ್ ಸೆಕೆಂಡಿಗೆ 140 ಎಂಬಿ ಬರೆಯಬಲ್ಲದು. ಡ್ರಾಯಿಂಗ್ ಸರ್ವರ್‌ನಲ್ಲಿ ಲಕ್ಷಗಟ್ಟಲೆ ಸಣ್ಣ ಫೈಲ್, ಅಲ್ಲಿಂದ 30 ಎಂಬಿ ಬಂದರೆ ಹೆಚ್ಚು. ಡೇಟಾ ಸಾಲದೆ ಟೇಪ್ ನಿಲ್ಲುತ್ತದೆ, ಸ್ವಲ್ಪ ಹಿಂದಕ್ಕೆ ಸುತ್ತುತ್ತದೆ, ಮತ್ತೆ ಓಡುತ್ತದೆ. ರಾತ್ರಿಯಿಡೀ ಇದೇ ಆದರೆ ಡ್ರೈವ್ ಸವೆಯದೆ ಇರುತ್ತದಾ? ನಮ್ಮದು ವಾರಕ್ಕೆರಡು ಸಲ ಎರರ್ ಕೊಡಲು ಶುರುವಾಯಿತು.

ಮುಂದಿದ್ದ ದಾರಿ ಎರಡು. ಒಂದು ನ್ಯಾಸ್, ಅಂದರೆ ನೆಟ್‌ವರ್ಕ್‌ನಲ್ಲಿ ಕೂರುವ ಡಿಸ್ಕ್ ಪೆಟ್ಟಿಗೆ. ಇನ್ನೊಂದು ವರ್ಚುವಲ್ ಟೇಪ್ ಲೈಬ್ರರಿ, ಅಂದರೆ ವಿಟಿಎಲ್. ಅದರ ಒಳಗಿರುವುದೂ ಡಿಸ್ಕ್‌ಗಳೇ. ಆದರೆ ಬ್ಯಾಕಪ್ ಸಾಫ್ಟ್‌ವೇರ್‌ಗೆ ಅದು ಡ್ರೈವ್, ರೋಬೋಟ್, ಬಾರ್‌ಕೋಡ್ ಇರುವ ಟೇಪ್ ಲೈಬ್ರರಿಯಂತೆಯೇ ಕಾಣುತ್ತದೆ.

ಮೊದಲು ನನ್ನ ಮನಸ್ಸು ಪೂರ್ತಿ ವಿಟಿಎಲ್ ಕಡೆಗಿತ್ತು. ನಾವು ಬಳಸುತ್ತಿದ್ದ ಬ್ಯಾಕಪ್ ಸಾಫ್ಟ್‌ವೇರ್ ಬಾಕುಲಾ. ವಿಟಿಎಲ್ ತಂದರೆ ಅದರಲ್ಲಿ ಬರೆದಿಟ್ಟ ಜಾಬ್, ಅಂದರೆ ಯಾವುದನ್ನು ಯಾವಾಗ ಬ್ಯಾಕಪ್ ಮಾಡಬೇಕೆಂಬ ಸೂಚನೆ, ಒಂದನ್ನೂ ಬದಲಿಸಬೇಕಾಗಿರಲಿಲ್ಲ. ಇನ್ನೊಂದು ಕಾರಣವೂ ಇತ್ತು. ಹಿಂದೊಮ್ಮೆ ಡಿಸೈನ್ ವಿಭಾಗದ ಒಂದು ಕಂಪ್ಯೂಟರ್‌ಗೆ ರ‍್ಯಾನ್ಸಮ್‌ವೇರ್ ಹೊಕ್ಕಿತ್ತು, ಫೈಲ್‌ಗಳನ್ನು ಲಾಕ್ ಮಾಡಿ ಹಣ ಕೇಳುವ ವೈರಸ್ ಅದು. ಆ ಕಂಪ್ಯೂಟರ್‌ನಲ್ಲಿ ಡ್ರೈವ್ ಆಗಿ ಕಾಣುತ್ತಿದ್ದ ನೆಟ್‌ವರ್ಕ್ ಫೋಲ್ಡರ್‌ಗಳು, ಅಂದರೆ ಶೇರ್‌ಗಳೆಲ್ಲ ಲಾಕ್ ಆದವು. ಹೆಚ್ಚುವರಿ ಕಾಪಿ ಅಂತ ನಾನೇ ಇಟ್ಟಿದ್ದ ಸಣ್ಣ ನ್ಯಾಸ್ ಕೂಡ ಅದರಲ್ಲಿತ್ತು. ಟೇಪ್ ಮಾತ್ರ ಉಳಿಯಿತು, ಏಕೆಂದರೆ ಅದು ಯಾರಿಗೂ ಫೋಲ್ಡರ್ ಆಗಿ ಕಾಣುವುದಿಲ್ಲ. ವಿಟಿಎಲ್‌ಗೂ ಆ ಗುಣ ಇದೆ. ಆ ವಾರದ ಭಯ ಇವತ್ತಿಗೂ ನನ್ನಲ್ಲಿ ಹೋಗಿಲ್ಲ.

ಹಣ ಹಾಕುವ ಮೊದಲು ಹಳೆ ಸರ್ವರ್ ಒಂದರಲ್ಲಿ ಎಂಎಚ್‌ವಿಟಿಎಲ್ ಹಾಕಿ ಒಂದು ತಿಂಗಳು ಓಡಿಸಿದೆ. ಲಿನಕ್ಸ್‌ನಲ್ಲಿ ನಡೆಯುವ, ಸಾಮಾನ್ಯ ಸರ್ವರ್ ಅನ್ನೇ ವಿಟಿಎಲ್ ಮಾಡುವ ಉಚಿತ ಸಾಫ್ಟ್‌ವೇರ್ ಅದು, ಪ್ರಯೋಗಕ್ಕೆ ಚೆನ್ನಾಗಿದೆ. ಬ್ಯಾಕಪ್ ಸಲೀಸಾಗಿ ನಡೆಯಿತು. ಬೇಕಾದಷ್ಟು ಡ್ರೈವ್ ಇರುವಂತೆ ತೋರಿಸಬಹುದು, ಹಾಗಾಗಿ ಜಾಬ್‌ಗಳು ಒಂದಕ್ಕೊಂದು ಕಾಯಬೇಕಿಲ್ಲ. ಡೇಟಾ ನಿಧಾನವಾಗಿ ಬಂದರೂ ತೊಂದರೆಯಿಲ್ಲ, ಸುತ್ತುವ ಟೇಪೇ ಇಲ್ಲವಲ್ಲ. ಆದರೆ ಮೂರನೇ ವಾರಕ್ಕೆ ಡಿಸ್ಕ್ ತುಂಬಿತು. ಅವಧಿ ಮುಗಿದ ಟೇಪ್‌ಗಳನ್ನು ಬಾಕುಲಾ ಖಾಲಿ ಎಂದು ಲೆಕ್ಕ ಹಾಕಿತ್ತು. ಡಿಸ್ಕ್ ಮೇಲೆ ಅವು ಹಾಗೇ ಇದ್ದವು. ಅದೇ ಟೇಪ್ ಮೇಲೆ ಮತ್ತೆ ಬರೆಯುವವರೆಗೆ ಅಥವಾ ನಾವಾಗಿ ಅಳಿಸುವವರೆಗೆ ಆ ಜಾಗ ವಾಪಸ್ ಬರುವುದಿಲ್ಲ. ವಿಟಿಎಲ್ ತೆಗೆದುಕೊಳ್ಳುವವರು ಈ ಒಂದು ವಿಷಯವನ್ನು ಮೊದಲೇ ಕೇಳಿ ತಿಳಿದುಕೊಳ್ಳಿ.

ಕೊನೆಗೆ ನಿರ್ಧಾರ ಮಾಡಿಸಿದ್ದು ಒಂದು ನೋಟ್‌ಬುಕ್. ಯಾರು, ಯಾವಾಗ, ಏನು ರಿಸ್ಟೋರ್ ಕೇಳಿದರು ಅಂತ ಮೂರು ತಿಂಗಳು ಬರೆದಿಟ್ಟೆ. ಒಟ್ಟು 23 ಸಲ ಕೇಳಿದ್ದರು. ಅದರಲ್ಲಿ 21 ಸಲ ಬೇಕಾಗಿದ್ದು ಒಂದೋ ಎರಡೋ ಫೈಲ್, ಅದೂ ಆ ವಾರದ್ದೇ. "ಸಾರ್, ನಿನ್ನೆ ಇದ್ದ ಡ್ರಾಯಿಂಗ್ ಮೇಲೆ ತಪ್ಪಾಗಿ ಸೇವ್ ಮಾಡಿಬಿಟ್ಟೆ" ಅಂತಲೇ ಹೆಚ್ಚು. ಕೆಳಗೆ ಮಷಿನ್ ಮುಂದೆ ಆಪರೇಟರ್ ಆ ಡ್ರಾಯಿಂಗ್‌ಗೆ ಕಾಯುತ್ತಾ ನಿಂತಿರುತ್ತಾನೆ. ವಿಟಿಎಲ್‌ನಲ್ಲಿ ಒಂದು ಫೈಲ್ ಬೇಕೆಂದರೂ ಯಾವ ಫೈಲ್ ಯಾವ ಟೇಪ್‌ನಲ್ಲಿದೆ ಎಂಬ ಕ್ಯಾಟಲಾಗ್ ನೋಡಬೇಕು, ಟೇಪ್ ಲೋಡ್ ಮಾಡಿಸಬೇಕು, ಒಳಗೆ ಹುಡುಕಿಸಬೇಕು. ಕ್ಯಾಟಲಾಗ್ ಹಾಳಾದರಂತೂ ಟೇಪ್‌ಗಳನ್ನೆಲ್ಲ ಮೊದಲಿಂದ ಓದಿಸಬೇಕು. ನ್ಯಾಸ್‌ನಲ್ಲಿ ಫೈಲ್ ಫೈಲಾಗಿಯೇ ಇರುತ್ತದೆ. ಆ ದಿನದ ಸ್ನ್ಯಾಪ್‌ಶಾಟ್, ಅಂದರೆ ಆ ದಿನ ಫೈಲ್‌ಗಳು ಇದ್ದ ಹಾಗೇ ಹಿಡಿದಿಟ್ಟ ಪ್ರತಿ, ತೆರೆದು ಕಾಪಿ ಮಾಡಿಕೊಟ್ಟರೆ ಆಯಿತು. ನಾನು ರಜೆಯಲ್ಲಿದ್ದರೂ ಜೊತೆಯ ಹುಡುಗ ಎರಡು ನಿಮಿಷದಲ್ಲಿ ಮಾಡುತ್ತಾನೆ.

ನ್ಯಾಸ್ ತಂದೆವು. 8 ಟಿಬಿಯ ಆರು ಡಿಸ್ಕ್, ಸ್ನ್ಯಾಪ್‌ಶಾಟ್ ಸೌಲಭ್ಯವಿರುವ ಝಡ್‌ಎಫ್‌ಎಸ್ ಫೈಲ್ ಸಿಸ್ಟಮ್, ಎರಡು ಡಿಸ್ಕ್ ಒಟ್ಟಿಗೆ ಹೋದರೂ ಡೇಟಾ ಉಳಿಯುವ ಜೋಡಣೆ. ಹಳೆ ತಪ್ಪು ಮತ್ತೆ ಆಗಬಾರದಲ್ವಾ? ಅದಕ್ಕೆ ಅದರಲ್ಲಿ ಒಂದು ಶೇರ್ ಕೂಡ ತೆರೆದಿಲ್ಲ. ಸರ್ವರ್‌ಗಳು ಅದಕ್ಕೆ ಕಳಿಸುವುದಿಲ್ಲ, ಅದೇ ರಾತ್ರಿ ಒಂದೊಂದಾಗಿ ಅವುಗಳಿಂದ ಎಳೆದುಕೊಳ್ಳುತ್ತದೆ. ಅದರ ಪಾಸ್‌ವರ್ಡ್ ಯಾವ ಸರ್ವರ್‌ನಲ್ಲೂ ಇಲ್ಲ, ಆಫೀಸಿನ ಕಂಪ್ಯೂಟರ್‌ಗಳ ಲಾಗಿನ್ ನಡೆಸುವ ಡೊಮೇನ್‌ಗೂ ಸೇರಿಸಿಲ್ಲ. ಸ್ನ್ಯಾಪ್‌ಶಾಟ್ ಓದಬಹುದು, ಬದಲಿಸಲು ಆಗುವುದಿಲ್ಲ. ಒಂದು ಗಿಗಾಬಿಟ್ ಲೈನ್‌ನಲ್ಲಿ ಸೆಕೆಂಡಿಗೆ 110 ಎಂಬಿ ಆಸುಪಾಸು ಸಿಗಬೇಕು. ಸಣ್ಣ ಫೈಲ್‌ಗಳಿಂದಾಗಿ ಮೊದಲ ಪೂರ್ತಿ ಕಾಪಿಗೆ ಮೂರು ರಾತ್ರಿ ಹಿಡಿಯಿತು. ಈಗ ದಿನವೂ ಬದಲಾದದ್ದು ಮಾತ್ರ ಹೋಗುತ್ತದೆ, ಒಂದು ಗಂಟೆಯೊಳಗೆ ಮುಗಿಯುತ್ತದೆ.

ವಿಟಿಎಲ್ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಸ್ನೇಹಿತರೊಬ್ಬರ ಕಚೇರಿಯಲ್ಲಿ ಐಬಿಎಂನ ಎಎಸ್/400 ಕಂಪ್ಯೂಟರ್ ಇದೆ. 1988ರಲ್ಲಿ ಬಂದ ಆ ಮಷಿನ್‌ನ ಬ್ಯಾಕಪ್ ಪದ್ಧತಿ ಪೂರ್ತಿ ಟೇಪ್ ನಂಬಿ ಬೆಳೆದದ್ದು. ಅವರು ಕೇಳಿದಾಗ ವಿಟಿಎಲ್ಲೇ ತೆಗೆದುಕೊಳ್ಳಿ ಎಂದೆ. ಅಲ್ಲಿ ಒಂದು ಡ್ರಾಯಿಂಗ್ ಕೊಡಿ ಅಂತ ಯಾರೂ ಫೋನ್ ಮಾಡುವುದಿಲ್ಲ.

ನಿಜವಾದ ಟೇಪನ್ನು ಮಾತ್ರ ನಾನು ಬಿಡಲಿಲ್ಲ. ನ್ಯಾಸ್ ಆಗಲಿ ವಿಟಿಎಲ್ ಆಗಲಿ, ಅದೇ ಕೋಣೆಯಲ್ಲಿ ಕರೆಂಟ್‌ಗೆ ಸಿಕ್ಕಿಸಿದ ಡಿಸ್ಕ್‌ಗಳೇ. ಕಂಪನಿ ಕಾಯ್ದೆ ಪ್ರಕಾರ ಲೆಕ್ಕದ ಪುಸ್ತಕಗಳನ್ನು 8 ವರ್ಷ ಇಡಬೇಕು. ಕಂಪ್ಯೂಟರ್‌ನಲ್ಲಿ ಲೆಕ್ಕ ಇಟ್ಟರೆ ಅದರ ಬ್ಯಾಕಪ್ ಪ್ರತಿದಿನ ಭಾರತದಲ್ಲೇ ಇರುವ ಸರ್ವರ್‌ಗೆ ಹೋಗಬೇಕು ಎಂಬ ನಿಯಮ 2022ರಿಂದ ಇದೆ. ದಿನದ ಕೆಲಸವನ್ನು ನ್ಯಾಸ್ ಮಾಡುತ್ತದೆ. ಎಂಟು ವರ್ಷದ್ದಕ್ಕೆ ಒಂದು ಎಲ್‌ಟಿಒ-8 ಡ್ರೈವ್ ಕೊಂಡೆವು. ಒಂದೇ ಕಾರ್ಟ್ರಿಡ್ಜ್‌ನಲ್ಲಿ 12 ಟಿಬಿ ಹಿಡಿಯುತ್ತದೆ. ಪ್ರತಿ ಶನಿವಾರ ಬರೆದ ಕಾರ್ಟ್ರಿಡ್ಜ್ ನಮ್ಮ ಇನ್ನೊಂದು ಘಟಕದ ಬೀರುವಿಗೆ ಹೋಗುತ್ತದೆ.

ಈ ಡ್ರೈವ್ ತನ್ನ ಹಿಂದಿನ ಒಂದು ತಲೆಮಾರಿನ ಟೇಪ್ ಮಾತ್ರ ಓದುತ್ತದೆ. ಎಲ್‌ಟಿಒ-5 ಓದುವುದಿಲ್ಲ. ಹಾಗಾಗಿ ಹಳೆ ಆಟೋಲೋಡರ್ ಅನ್ನು ಇನ್ನೂ ಜೀವಂತ ಇಟ್ಟುಕೊಂಡು, ಅಕೌಂಟ್ಸ್ ಟೇಪ್‌ಗಳನ್ನು ಒಂದೊಂದಾಗಿ ಹೊಸದಕ್ಕೆ ಇಳಿಸುತ್ತಿದ್ದೇನೆ. ಹನ್ನೊಂದು ಉಳಿದಿವೆ.